ಅಜ್ಜಿಯ ಮಾತ್ರೆ ಡಬ್ಬಿಯಲ್ಲಿ ಸಿಕ್ಕ ಸುಬ್ಬರಾವ್

ಸೆಮ್ ರಜೆಯಲ್ಲಿ ನಾವು ನಾಲ್ಕು ಜನ ಗೆಳೆಯನ ಊರಾದ ಕಿಗ್ಗಕ್ಕೆ ಹೋಗಿದ್ವಿ. ಋಷ್ಯಶೃಂಗೇಶ್ವರನ ದರ್ಶನ ಆಯ್ತು, ಸಿರಿಮನೆ ಜಲಪಾತವೂ ಆಯ್ತು. ಆದ್ರೆ ತಲೆಯಲ್ಲಿ ಉಳಿದಿದ್ದು ಅವನ ಅಜ್ಜಿಯ ಮಾತ್ರೆ ಡಬ್ಬಿ. ಸಂಧಿವಾತಕ್ಕೆ ವಾರದಲ್ಲಿ ಒಂದು ದಿನ ಮೆಥೋಟ್ರೆಕ್ಸೇಟ್, ಇನ್ನೊಂದು ದಿನ ಫೋಲಿಕ್ ಆಸಿಡ್. ಹುಡುಕಿ ಓದಿದಾಗ ಗೊತ್ತಾಯ್ತು, ಈ ಎರಡರ ಹಿಂದೆಯೂ ಒಬ್ಬರ ತಂಡವಿದೆ. ಅವರೇ ಯಲ್ಲಾಪ್ರಗಡ ಸುಬ್ಬರಾವ್.

1895ರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದರು. ಮನೆಯಲ್ಲಿ ಬಡತನ. ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ತೀರಿಕೊಂಡರು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಖಾದಿ ತೊಟ್ಟಿದ್ದಕ್ಕೆ ಪ್ರೊಫೆಸರ್ ಸಿಟ್ಟಾದರು; ಎಂಬಿಬಿಎಸ್ ಬದಲು ಕೆಳದರ್ಜೆಯ ಎಲ್‌ಎಂಎಸ್ ಸಿಕ್ತು. ಆಮೇಲೆ ಬಾಸ್ಟನ್‌ಗೆ ಹೋಗಿ, ಖರ್ಚಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡ್ತಾ ಕಲಿತರು. ಹಾರ್ವರ್ಡ್‌ನಲ್ಲಿ ಎಷ್ಟು ದುಡಿದರೂ ಕೆಲಸ ಕಾಯಂ ಆಗಲಿಲ್ಲ. 1940ರಲ್ಲಿ ಲೆಡರ್ಲೆ ಔಷಧ ಕಂಪನಿ ಸೇರಿದರು.

ಅಲ್ಲಿ ಅವರ ತಂಡ ಫೋಲಿಕ್ ಆಸಿಡ್ ತಯಾರಿಸಿತು. ಅದು ಸ್ಪ್ರೂ ಕಾಯಿಲೆಗೂ ಮದ್ದಾಯಿತು. ಆದರೆ ಸಹೋದರರು ಹೋಗಿ ಎಷ್ಟೋ ವರ್ಷ ಕಳೆದಿತ್ತು.

ನಂತರ ಅದೇ ಅಣುವನ್ನು ಸ್ವಲ್ಪ ಬದಲಿಸಿ ಅಮಿನೋಪ್ಟೆರಿನ್, ಮೆಥೋಟ್ರೆಕ್ಸೇಟ್ ಮಾಡಿದರು. ಜೀವಕೋಶ ಇದನ್ನು ಫೋಲಿಕ್ ಆಸಿಡ್ ಅಂದ್ಕೊಂಡು ಒಳಗೆ ಬಿಟ್ಟುಕೊಳ್ಳುತ್ತೆ. ಒಳಗೆ ಹೋದ ಮೇಲೆ ಡಿಎನ್‌ಎ ತಯಾರಿ ನಿಲ್ಲುತ್ತೆ. ಬೇಗ ಬೇಗ ಬೆಳೆಯುವ ಕ್ಯಾನ್ಸರ್ ಕೋಶಕ್ಕೆ ಇದರ ಪೆಟ್ಟು ಜಾಸ್ತಿ. 1948ರಲ್ಲಿ ಬಾಸ್ಟನ್‌ನ ಡಾ. ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಅಮಿನೋಪ್ಟೆರಿನ್ ಕೊಟ್ಟ ವರದಿ ಪ್ರಕಟಿಸಿದರು. 10 ಮಕ್ಕಳು ಚೇತರಿಸಿಕೊಂಡರು, ಆದರೆ ಸ್ವಲ್ಪ ಕಾಲ ಮಾತ್ರ. ಅದೇ ವರ್ಷ ಆಗಸ್ಟ್‌ನಲ್ಲಿ, 53ನೇ ವಯಸ್ಸಿಗೆ, ಸುಬ್ಬರಾವ್ ತೀರಿಕೊಂಡರು.

ಒಂದೇ ಮದ್ದು ಸಾಲದು ಅನ್ನೋದು ವೈದ್ಯರಿಗೆ ಅರ್ಥವಾಯ್ತು. ಹಲವು ಮದ್ದು ಜೊತೆಗೂಡಿಸಿ ಪರೀಕ್ಷಿಸೋದು ಶುರುವಾಯ್ತು. ಮಿದುಳಿನಲ್ಲೇ ಹುಟ್ಟಿ ವೇಗವಾಗಿ ಬೆಳೆಯುವ ಲಿಂಫೋಮಾ ಎಂಬ ಕ್ಯಾನ್ಸರ್‌ಗೆ ಇಂದಿಗೂ ಮುಖ್ಯ ಮದ್ದು ಮೆಥೋಟ್ರೆಕ್ಸೇಟ್. ರಕ್ತದಿಂದ ಮಿದುಳಿಗೆ ಮದ್ದು ಸುಲಭವಾಗಿ ದಾಟಲ್ಲ, ಹಾಗಾಗಿ ಭಾರೀ ಡೋಸ್ ಬೇಕು. ಆಮೇಲೆ ದೇಹದ ಉಳಿದ ಭಾಗವನ್ನು ಕಾಪಾಡಲು ಕೊಡೋದು ಫೋಲಿಕ್ ಆಸಿಡ್‌ನ ಸಂಬಂಧಿ ಔಷಧವನ್ನೇ! 2009ರಲ್ಲಿ ಪ್ರಕಟವಾದ 79 ರೋಗಿಗಳ ಪರೀಕ್ಷೆಯಲ್ಲಿ ಮೆಥೋಟ್ರೆಕ್ಸೇಟ್ ಒಂದನ್ನೇ ಪಡೆದವರಲ್ಲಿ ಶೇ. 18 ಮಂದಿಗೆ ಗೆಡ್ಡೆ ಪೂರ್ತಿ ಮಾಯವಾಯಿತು. ಸೈಟಾರಬಿನ್ ಸೇರಿಸಿದಾಗ ಶೇ. 46. ಆದರೆ ರಕ್ತಕಣಗಳು ಕುಸಿಯುವ ತೊಂದರೆಯೂ ತುಂಬಾ ಹೆಚ್ಚಿತು. ಹೊಸ ಜೋಡಿಗಳ ಹುಡುಕಾಟ ಅದಕ್ಕೇ ಇನ್ನೂ ನಿಂತಿಲ್ಲ.

ಅಜ್ಜಿಗೆ ಇದನ್ನೆಲ್ಲ ಹೇಳಿದ್ವಿ. ಅವರು ಕೇಳಿದ್ದು ಒಂದೇ: ಆ ಮನುಷ್ಯ ಮತ್ತೆ ಊರಿಗೆ ಬಂದನಾ ಅಂತ. ಇಲ್ಲ, ಸುಬ್ಬರಾವ್ ಮತ್ತೆ ಊರು ನೋಡಲೇ ಇಲ್ಲ.