ಹುಡುಗರನ್ನು ನಂಬಿದ ಮರ್ಚೆಂಟ್

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಕ್ರಿಕೆಟ್ ಮಾತು ಬಂದರೆ ಹಿರಿಯರು ಹೆಮ್ಮೆಯಿಂದ ಹೇಳುವ ಹೆಸರು ಜಿ.ಆರ್. ವಿಶ್ವನಾಥ್. ಅವರು ಹುಟ್ಟಿದ್ದು ಪಕ್ಕದ ಭದ್ರಾವತಿಯಲ್ಲಿ. ನನಗೆ ಅವರ ಜೊತೆಗೇ ಇನ್ನೊಬ್ಬರು ನೆನಪಾಗುತ್ತಾರೆ: ಅವರನ್ನು ಭಾರತ ತಂಡಕ್ಕೆ ಆರಿಸಿದ ಸಮಿತಿಯ ಅಧ್ಯಕ್ಷ ವಿಜಯ್ ಮರ್ಚೆಂಟ್.

ಮರ್ಚೆಂಟ್ ಹುಟ್ಟಿದ್ದು 1911ರ ಅಕ್ಟೋಬರ್ 12ರಂದು, ಮುಂಬೈನ ಶ್ರೀಮಂತ ಗಿರಣಿ ಮಾಲೀಕರ ಮನೆಯಲ್ಲಿ. ಮನೆತನದ ಹೆಸರು ಠಾಕರ್ಸಿ. ಶಾಲೆಯಲ್ಲಿ ಹೆಸರು ಬರೆಸುವಾಗ ತಂದೆಯ ವ್ಯಾಪಾರವೇ ಅಡ್ಡಹೆಸರಾಗಿ ದಾಖಲಾಯಿತಂತೆ! ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಅವರ ಸರಾಸರಿ 71.64. ಅವರಿಗಿಂತ ಮುಂದಿರುವ ದೊಡ್ಡ ಹೆಸರು ಬ್ರಾಡ್ಮನ್ ಒಬ್ಬರದೇ. ಇಷ್ಟಾದರೂ 1933ರಿಂದ 1951ರವರೆಗೆ ಅವರಿಗೆ ಆಡಲು ಸಿಕ್ಕಿದ್ದು 10 ಟೆಸ್ಟ್ ಮಾತ್ರ. ನಡುವೆ ಮಹಾಯುದ್ಧ, ಅನಾರೋಗ್ಯ. ಕೊನೆಯ ಟೆಸ್ಟ್‌ನಲ್ಲಿ ದೆಹಲಿಯಲ್ಲಿ ಇಂಗ್ಲೆಂಡ್ ವಿರುದ್ಧ 154 ರನ್ ಹೊಡೆದರು. ಅದೇ ಪಂದ್ಯದಲ್ಲಿ ಭುಜಕ್ಕೆ ಪೆಟ್ಟಾಗಿ ಆಟವೇ ಮುಗಿಯಿತು. ಅವಕಾಶದ ಬೆಲೆ ಅವರಿಗೆ ಗೊತ್ತಾಗಿದ್ದು ಇದರಿಂದಲೇ ಇರಬೇಕು ಎಂದು ನಾನು ಅಂದುಕೊಳ್ಳುತ್ತೇನೆ.

ಅರವತ್ತರ ದಶಕದ ಕೊನೆಗೆ ಅವರು ಆಯ್ಕೆ ಸಮಿತಿಯ ಅಧ್ಯಕ್ಷರಾದರು. 1969ರಲ್ಲಿ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ತಂಡಗಳು ಬಂದಾಗ ಹೊಸ ಹುಡುಗರಿಗೆ ಬಾಗಿಲು ತೆರೆಯಿತು. ಚೇತನ್ ಚೌಹಾಣ್, ಮೊಹಿಂದರ್ ಅಮರನಾಥ್, ಮೈದಾನ ನೋಡಿಕೊಳ್ಳುವ ಕೆಲಸಗಾರನ ಮಗ ಏಕನಾಥ್ ಸೋಲ್ಕರ್ ಬಂದರು. ಎಲ್ಲರೂ ನಿಲ್ಲಲಿಲ್ಲ. ಅಂಬರ್ ರಾಯ್ 4 ಟೆಸ್ಟ್, ಅಶೋಕ್ ಗಂಡೋತ್ರ 2 ಟೆಸ್ಟ್ ಆಡಿ ಮರೆಯಾದರು. ಬಿತ್ತಿದ್ದೆಲ್ಲ ಬೆಳೆಯುವುದಿಲ್ಲ, ಆದರೆ ಬಿತ್ತದೆ ಬೆಳೆ ಬರುವುದೂ ಇಲ್ಲ.

ವಿಶ್ವನಾಥ್ ಮೊದಲ ರಣಜಿ ಪಂದ್ಯದಲ್ಲೇ 230 ರನ್ ಹೊಡೆದಿದ್ದರು. ಆದರೆ 1969ರ ನವೆಂಬರ್‌ನಲ್ಲಿ ಕಾನ್ಪುರದ ಮೊದಲ ಟೆಸ್ಟ್ ಇನಿಂಗ್ಸ್‌ನಲ್ಲಿ ಸೊನ್ನೆ. ನಾಯಕ ಪಟೌಡಿ ಧೈರ್ಯ ತುಂಬಿದರು. ಎರಡನೇ ಇನಿಂಗ್ಸ್‌ನಲ್ಲಿ 137!

ನಮ್ಮ ಹುಡುಗರಿಗೆ ಸಿಗದಿರುವುದು ಆ ಎರಡನೇ ಇನಿಂಗ್ಸ್. ನನ್ನ ತಮ್ಮ ಬೆಳಗಿನ ರೈಲು ಹಿಡಿದು ಒಂದು ಆಯ್ಕೆಗೆ ಹೋಗಿದ್ದ. ಸಿಕ್ಕಿದ್ದು ಆರು ಎಸೆತ. ಮೂರನೆಯದಕ್ಕೆ ಬೌಲ್ಡ್. ಅಷ್ಟೇ, ಮುಂದಿನ ಹುಡುಗನನ್ನು ಕರೆದರು. ಆರು ಎಸೆತದಲ್ಲಿ ಹುಡುಗ ಇವತ್ತು ಹೇಗೆ ಆಡಿದ ಎಂಬುದು ತಿಳಿಯಬಹುದು. ಎರಡು ವರ್ಷಕ್ಕೆ ಹೇಗೆ ಆಡಬಲ್ಲ ಎಂಬುದು ತಿಳಿಯುತ್ತದೆಯೇ? ಅದಕ್ಕೆ ಅವನ ಪಂದ್ಯಗಳನ್ನೇ ಕೂತು ನೋಡಬೇಕು.

ಮರ್ಚೆಂಟ್ ನಿರ್ಧಾರಗಳು ಎಲ್ಲರಿಗೂ ಹಿಡಿಸಲಿಲ್ಲ. 1971ರಲ್ಲಿ ಅವರ ನಿರ್ಣಾಯಕ ಮತದಿಂದ ಪಟೌಡಿ ಬದಲು ಅಜಿತ್ ವಾಡೇಕರ್ ನಾಯಕರಾದರು. ಹೊಸಬ ಸುನಿಲ್ ಗಾವಸ್ಕರ್ ತಂಡ ಸೇರಿದರು. ಆ ವರ್ಷವೇ ಭಾರತ ವೆಸ್ಟ್ ಇಂಡೀಸ್ ಮತ್ತು ಇಂಗ್ಲೆಂಡ್ ನೆಲದಲ್ಲಿ ಮೊದಲ ಬಾರಿಗೆ ಸರಣಿ ಗೆದ್ದಿತು.

ಆಟದಾಚೆಗೂ ಅವರು ಅಂಧರಿಗಾಗಿ, ಅಂಗವಿಕಲರಿಗಾಗಿ ದುಡಿದರು. 1987ರ ಅಕ್ಟೋಬರ್ 27ರಂದು ತೀರಿಕೊಂಡರು. ಇಂದು 16 ವರ್ಷದೊಳಗಿನ ಹುಡುಗರು ರಾಜ್ಯಕ್ಕಾಗಿ ಆಡುವ ಟ್ರೋಫಿಗೆ ಅವರದೇ ಹೆಸರು. ಆ ಹೆಸರಿನ ಟ್ರೋಫಿಗೆ ಹುಡುಗರನ್ನು ಆರಿಸುವವರು ಒಮ್ಮೆ ನಮ್ಮೂರಿನ ಮೈದಾನಗಳಿಗೂ ಬಂದು, ಒಂದು ಪೂರ್ತಿ ದಿನ ಕೂತು ನೋಡಲಿ.