ಓದಲಾರದ ಹುಡುಗನಿಂದ ಮನೋವೈದ್ಯನವರೆಗೆ: ಮಿಲ್ಟನ್ ಎರಿಕ್ಸನ್ ಬದುಕು ಮತ್ತು ನನ್ನ ಬೋಧನಾಭ್ಯಾಸ

ಬಿ.ಎಸ್ಸಿ. ಮುಗಿಸಿ ಬಿ.ಇಡಿ.ಗೆ ಸೇರುವ ಮೊದಲು ನಾನು ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್, ಅಂದರೆ ಎನ್‌ಎಲ್‌ಪಿ ಕುರಿತ ಎರಡು ದಿನಗಳ ಕಾರ್ಯಾಗಾರಕ್ಕೆ ಹೋಗಿದ್ದೆ. ನಾಲ್ಕು ಜನರ ಮುಂದೆ ಮಾತನಾಡಲು ನನಗಿದ್ದ ಅಂಜಿಕೆ ಅಲ್ಲಿ ಎಷ್ಟೋ ಕಡಿಮೆಯಾಯಿತು. ಆ ಧೈರ್ಯದಲ್ಲೇ ಬೋಧನಾಭ್ಯಾಸದ ಶಾಲೆಗೆ ಕಾಲಿಟ್ಟೆ. ಏಳನೇ ತರಗತಿಯ ಮಕ್ಕಳಿಗೆ ಒಂದು ಪ್ರಶ್ನಾವಳಿ ಕೊಟ್ಟು, ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ಮೂರು ಪಟ್ಟಿ ಮಾಡಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಓದಲು ಎದ್ದು ನಿಂತರೆ ಬೆವರುತ್ತಿದ್ದ. ಅವನನ್ನು ಮಾಡಿ ಕಲಿಯುವವರ ಪಟ್ಟಿಗೆ ಸೇರಿಸಿ, ಗಟ್ಟಿಯಾಗಿ ಓದುವುದರಿಂದ ವಿನಾಯಿತಿ ಕೊಟ್ಟು, ಚಾರ್ಟ್ ತೂಗುಹಾಕುವ ಕೆಲಸ ಒಪ್ಪಿಸಿದೆ.

ನನ್ನ ದಿನಚರಿ ಓದಿದ ಮಾರ್ಗದರ್ಶಕ ಶಿಕ್ಷಕಿ ಒಂದೇ ಪ್ರಶ್ನೆ ಕೇಳಿದರು. ಓದಲು ಬಾರದ ಹುಡುಗ ಪ್ರಶ್ನಾವಳಿಯನ್ನು ಹೇಗೆ ತುಂಬಿದ? ನನ್ನಲ್ಲಿ ಉತ್ತರವಿರಲಿಲ್ಲ. ಪಕ್ಕದವನ ಹಾಳೆ ನೋಡಿ ಗುರುತು ಹಾಕಿದ್ದ ಎಂದು ಆಮೇಲೆ ಗೊತ್ತಾಯಿತು.

ಅಂದು ಸಂಜೆಯಿಂದ, ಕಾರ್ಯಾಗಾರದಲ್ಲಿ ಮತ್ತೆ ಮತ್ತೆ ಕೇಳಿದ್ದ ಹೆಸರೊಂದರ ಬೆನ್ನು ಹತ್ತಿದೆ. ಅದು ಅಮೆರಿಕದ ಮನೋವೈದ್ಯ ಮಿಲ್ಟನ್ ಎರಿಕ್ಸನ್ ಅವರ ಹೆಸರು. ಎನ್‌ಎಲ್‌ಪಿಯವರು ಅವರನ್ನು ತಮ್ಮ ಮೂಲಪುರುಷರಲ್ಲಿ ಒಬ್ಬರೆಂದು ಎಣಿಸುತ್ತಾರೆ. ನನಗೆ ಅವರ ತಂತ್ರಗಳ ಹೆಸರು ಗೊತ್ತಿತ್ತು, ಬದುಕು ಗೊತ್ತಿರಲಿಲ್ಲ.

ಎರಿಕ್ಸನ್ ಹುಟ್ಟಿದ್ದು 1901ರ ಡಿಸೆಂಬರ್ 5ರಂದು, ನೆವಾಡ ರಾಜ್ಯದ ಆರಂ ಎಂಬ ಗಣಿ ಊರಿನಲ್ಲಿ. ಮುಂದೆ ಕುಟುಂಬ ವಿಸ್ಕಾನ್ಸಿನ್‌ಗೆ ಹೋಗಿ ಬೇಸಾಯಕ್ಕೆ ನಿಂತಿತು. ಹುಡುಗನಿಗೆ ತೊಂದರೆಗಳು ಒಂದೆರಡಲ್ಲ. ಬಣ್ಣಗಳನ್ನು ಸರಿಯಾಗಿ ಗುರುತಿಸಲು ಆಗುತ್ತಿರಲಿಲ್ಲ, ಸಂಗೀತದ ಸ್ವರಗಳ ವ್ಯತ್ಯಾಸ ತಿಳಿಯುತ್ತಿರಲಿಲ್ಲ, ಓದು ಬರಹವೂ ತೊಡಕು. ಇಂದು ನಾವು ಡಿಸ್ಲೆಕ್ಸಿಯ ಎನ್ನುವುದು ಅವರಿಗಿತ್ತು. ಆಗ ಶಾಲೆಯಲ್ಲಿ ಅದಕ್ಕೊಂದು ಹೆಸರೇ ಇರಲಿಲ್ಲ.

ಆರನೆಯ ವಯಸ್ಸಿನಲ್ಲಿ ಅವರಿಗೆ 3 ಎಂಬ ಅಂಕಿಗೂ ಇಂಗ್ಲಿಷಿನ ಸಣ್ಣ ಎಂ ಅಕ್ಷರಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಶಿಕ್ಷಕಿ ಅವರ ಕೈ ಹಿಡಿದು ಒಮ್ಮೆ ಅದನ್ನು, ಒಮ್ಮೆ ಇದನ್ನು ಬರೆಸಿದರು. ಒಂದು ಗಳಿಗೆಯಲ್ಲಿ ಥಟ್ಟನೆ ಹೊಳೆಯಿತು: ಎಂ ಕಾಲೂರಿ ನಿಂತಿದೆ, 3 ಪಕ್ಕಕ್ಕೆ ಕಾಲು ಚಾಚಿದೆ. ಪ್ರೌಢಶಾಲೆಯಲ್ಲೂ ಇಂಥದ್ದೇ ಒಂದು ಪ್ರಸಂಗ. ಗವರ್ನ್‌ಮೆಂಟ್ ಎಂಬ ಪದದ ನಡುವಿನ ಭಾಗ ಅವರ ನಾಲಿಗೆಗೆ ಸಿಗುತ್ತಲೇ ಇರಲಿಲ್ಲ. ಆ ಶಿಕ್ಷಕಿ ತರಗತಿಯ ಲಾವರ್ನ್ ಎಂಬ ಸಹಪಾಠಿಯ ಹೆಸರನ್ನು ಪದದ ಮಧ್ಯೆ ಸೇರಿಸಿ ಹಲಗೆಯ ಮೇಲೆ ಬರೆದರು. ಹುಡುಗ ಅದನ್ನು ಓದಿದ. ಆಮೇಲೆ ಲಾ ಎಂಬುದನ್ನು ಬಿಟ್ಟು ಓದಿಸಿದರು. ಪದ ಬಂತು. ದೊಡ್ಡವರಾದ ಮೇಲೆ ಎರಿಕ್ಸನ್ ಈ ಪ್ರಸಂಗಗಳನ್ನು ತಾವೇ ವಿವರವಾಗಿ ಹೇಳಿಕೊಂಡಿದ್ದಾರೆ.

ಈ ಭಾಗವನ್ನು ನಾನು ಎರಡು ಸಲ ಓದಿದೆ. ಇಬ್ಬರು ಶಿಕ್ಷಕಿಯರೂ ಹುಡುಗನನ್ನು ಯಾವ ಪಟ್ಟಿಗೂ ಸೇರಿಸಲಿಲ್ಲ, ಓದಿನಿಂದ ಬಿಡಿಸಲೂ ಇಲ್ಲ. ಅವನು ಯಾವ ಜಾಗದಲ್ಲಿ ಎಡವುತ್ತಾನೆ ಎಂಬುದನ್ನು ಹುಡುಕಿ, ಅಲ್ಲಿಗೆ ಅವನಿಗೆ ಗೊತ್ತಿದ್ದುದನ್ನೇ ತಂದಿಟ್ಟರು.

1919ರಲ್ಲಿ, 17ರ ವಯಸ್ಸಿನಲ್ಲಿ, ಎರಿಕ್ಸನ್‌ಗೆ ಪೋಲಿಯೊ ಬಡಿಯಿತು. ಹುಡುಗ ಬೆಳಗಿನವರೆಗೆ ಉಳಿಯುವುದಿಲ್ಲವೆಂದು ವೈದ್ಯರು ತಾಯಿಗೆ ಹೇಳುತ್ತಿದ್ದುದು ಪಕ್ಕದ ಕೋಣೆಯಲ್ಲಿದ್ದ ಅವರ ಕಿವಿಗೇ ಬಿತ್ತು. ಸೂರ್ಯಾಸ್ತ ಕಾಣುವಂತೆ ಕೋಣೆಯ ಕನ್ನಡಿಯ ಬೀರುವನ್ನು ಸರಿಸಲು ತಾಯಿಯನ್ನು ಕೇಳಿದರು, ಅದನ್ನು ನೋಡಿದ ಮೇಲೆ ಮೂರು ದಿನ ಪ್ರಜ್ಞೆ ತಪ್ಪಿ ಮಲಗಿದ್ದರು. ಎಚ್ಚರವಾದಾಗ ಜೀವ ಉಳಿದಿತ್ತು, ಆದರೆ ಮೈಯಲ್ಲಿ ಚಲನೆ ಇರಲಿಲ್ಲ.

ಮಲಗಿದಲ್ಲೇ ಅವರು ಮಾಡಿದ ಕೆಲಸ ನೋಡುವುದು ಮತ್ತು ಕೇಳುವುದು. ಅಕ್ಕತಂಗಿಯರು ಬೇಡ ಎನ್ನುವಾಗ ಬೇಕು ಎಂಬ ಅರ್ಥ ಇರುತ್ತಿದ್ದುದನ್ನು, ಮಾತು ಒಂದು ಹೇಳಿದರೆ ಮುಖ ಇನ್ನೊಂದು ಹೇಳುವುದನ್ನು ಗಮನಿಸಿದರು. ಒಮ್ಮೆ ಮನೆಯವರು ಅವರನ್ನು ತೂಗುಕುರ್ಚಿಯಲ್ಲಿ ಕಟ್ಟಿ ಕೂರಿಸಿ ಹೋಗಿದ್ದರು. ಕಿಟಕಿಯಾಚೆ ನೋಡಬೇಕೆಂಬ ಆಸೆ ಬಲವಾದಾಗ ಕುರ್ಚಿ ಸ್ವಲ್ಪ ತೂಗಿತು. ಚಲನೆಯ ನೆನಪೇ ಸ್ನಾಯುವನ್ನು ಕದಲಿಸಬಲ್ಲದು ಎಂಬುದು ಅವರಿಗೆ ಅಲ್ಲಿ ಹೊಳೆಯಿತು. ಆಗ ಮನೆಯ ಪುಟ್ಟ ತಂಗಿ ನಿಲ್ಲಲು, ನಡೆಯಲು ಕಲಿಯುತ್ತಿದ್ದಳು. ಕಾಲು ಎಲ್ಲಿ ಊರುತ್ತಾಳೆ, ಮೈಭಾರ ಹೇಗೆ ಬದಲಿಸುತ್ತಾಳೆ ಎಂದು ದಿನವೂ ನೋಡಿ, ಅದನ್ನೇ ಮನಸ್ಸಿನಲ್ಲಿ ಅಭ್ಯಾಸ ಮಾಡಿ, ನಡಿಗೆಯನ್ನು ಮೊದಲಿನಿಂದ ಕಲಿತರು. ಎಳೆಯ ಮಗುವೇ ಅವರ ಗುರು.

ಊರುಗೋಲಿನೊಂದಿಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಸೇರಿದರು. 1922ರ ಬೇಸಿಗೆ ರಜೆಯಲ್ಲಿ, ಜೊತೆಗೆ ಬರಬೇಕಿದ್ದ ಗೆಳೆಯ ಹಿಂದೆ ಸರಿದರೂ, ಒಂದು ದೋಣಿಯಲ್ಲಿ ಒಬ್ಬರೇ ಹೊರಟು ಮಿಸಿಸಿಪ್ಪಿ ನದಿಯವರೆಗೂ ಹೋಗಿ ಬಂದರು. ಸುಮಾರು 1,200 ಮೈಲಿ ದಾರಿ. ಜೇಬಿನಲ್ಲಿ ಇದ್ದದ್ದು ಕೆಲವೇ ಡಾಲರ್. ಹೊರಟಾಗ ದೋಣಿಯನ್ನು ದಡಕ್ಕೆಳೆಯುವ ಶಕ್ತಿಯೂ ಇರಲಿಲ್ಲ, ಮರಳಿದಾಗ ಅದನ್ನು ಹೊರಬಲ್ಲವರಾಗಿದ್ದರು.

1928ರಲ್ಲಿ ವೈದ್ಯಕೀಯ ಪದವಿ ಪಡೆದರು. ಮ್ಯಾಸಚೂಸೆಟ್ಸ್ ಮತ್ತು ಮಿಶಿಗನ್‌ನ ಮಾನಸಿಕ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ದುಡಿದು, 1948ರಲ್ಲಿ ಅರಿಜೋನದ ಫೀನಿಕ್ಸ್ ನಗರಕ್ಕೆ ಹೋದರು. ಸಂಮೋಹನವನ್ನು ಜಾದೂಗಾರರ ವೇದಿಕೆಯಿಂದ ಚಿಕಿತ್ಸೆಯ ಕೋಣೆಗೆ ತಂದವರಲ್ಲಿ ಅವರು ಪ್ರಮುಖರು. ಅಮೆರಿಕದ ಕ್ಲಿನಿಕಲ್ ಸಂಮೋಹನ ಸಂಘ 1957ರಲ್ಲಿ ಆರಂಭವಾದಾಗ ಅದರ ಸ್ಥಾಪಕ ಅಧ್ಯಕ್ಷರಾದರು. ಪ್ರತಿ ರೋಗಿಗೂ ಬೇರೆ ದಾರಿ ಎಂಬುದು ಅವರ ಪದ್ಧತಿ. ಎಲ್ಲರಿಗೂ ಹೊಂದುವ ಒಂದು ಸಿದ್ಧಾಂತ ಕಟ್ಟಲು ಅವರು ಒಪ್ಪಲಿಲ್ಲ.

1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ರಿಚರ್ಡ್ ಬ್ಯಾಂಡ್ಲರ್ ಮತ್ತು ಜಾನ್ ಗ್ರಿಂಡರ್ ಅವರ ಕೆಲಸವನ್ನು ಅಧ್ಯಯನ ಮಾಡಿ, 1975ರಲ್ಲಿ ಅವರ ಭಾಷಾ ವಿಧಾನದ ಮೇಲೆ ಪುಸ್ತಕ ತಂದರು. ಎನ್‌ಎಲ್‌ಪಿ ಬೆಳೆದದ್ದು ಹೀಗೆ. ಐವತ್ತು ದಾಟಿದ ಮೇಲೆ ಎರಿಕ್ಸನ್‌ರ ಸ್ನಾಯುಗಳು ಮತ್ತೆ ಸೋಲತೊಡಗಿದ್ದವು. ಕೊನೆಯ ವರ್ಷಗಳಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು, ಮನೆಗೆ ಬಂದ ಚಿಕಿತ್ಸಕರಿಗೆ ಕಥೆಗಳ ಮೂಲಕ ಪಾಠ ಹೇಳುತ್ತಿದ್ದರು. 1980ರ ಮಾರ್ಚ್ 25ರಂದು ತೀರಿಕೊಂಡರು.

ನಾನು ಮಾಡಿದ ಮೂರು ಪಟ್ಟಿಗಳ ಬಗ್ಗೆಯೂ ಓದಿದೆ. ಎನ್‌ಎಲ್‌ಪಿಯ ಮುಖ್ಯ ಪ್ರತಿಪಾದನೆಗಳಿಗೆ ಸಾಕಷ್ಟು ಆಧಾರ ಸಿಕ್ಕಿಲ್ಲವೆಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ 1988ರಲ್ಲೇ ಹೇಳಿತ್ತು. ಮಕ್ಕಳನ್ನು ಕಲಿಕಾ ಶೈಲಿಯಂತೆ ವಿಂಗಡಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ತಕ್ಕ ಪುರಾವೆ ಇಲ್ಲವೆಂದು 2008ರಲ್ಲಿ ಮನೋವಿಜ್ಞಾನಿಗಳ ಒಂದು ವಿಮರ್ಶೆ ತೋರಿಸಿತು. ಕಾರ್ಯಾಗಾರ ನನ್ನ ಅಂಜಿಕೆ ಕಳೆದದ್ದು ನಿಜ. ಆದರೆ ನನಗಾದ ಲಾಭವನ್ನೇ ಪುರಾವೆ ಎಂದುಕೊಂಡು ಒಬ್ಬ ಹುಡುಗನ ಓದನ್ನು ತಪ್ಪಿಸಿದ್ದು ನನ್ನ ತಪ್ಪು.

ಮರುವಾರ ಪಾಠ ಸಸ್ಯಗಳ ಸಂತಾನೋತ್ಪತ್ತಿ. ಊಟದ ಬಿಡುವಿನಲ್ಲಿ ಆ ಹುಡುಗನ ಪಕ್ಕ ಕುಳಿತು, ಓದಿಸಿ, ಸುಮ್ಮನೆ ಕೇಳಿದೆ. ಎರಡಕ್ಷರದ ಪದಗಳು ಬರುತ್ತಿದ್ದವು, ಪರಾಗಸ್ಪರ್ಶ ಕಂಡೊಡನೆ ನಿಂತ. ಅವರ ಮನೆಯಲ್ಲಿ ರಾಗಿ ಬೆಳೆಯುತ್ತಾರೆಂದು ನನಗೆ ಗೊತ್ತಿತ್ತು. ಪ ಎಂದು ಬರೆದು, ಪಕ್ಕದಲ್ಲಿ ರಾಗಿ ಎಂದು ಬರೆದೆ. ನಗುತ್ತಾ ಓದಿದ. ಗುಡಿಸು ಅಳಿಸಿ ತಲೆಕಟ್ಟು ಹಾಕಿದೆ. ಪರಾಗ ಎಂದ. ಸ್ಪರ್ಶಕ್ಕೆ ಉಳಿದ ಬಿಡುವೆಲ್ಲ ಹಿಡಿಯಿತು, ಒತ್ತಕ್ಷರದಲ್ಲೂ ಅರ್ಕಾವತ್ತಿನಲ್ಲೂ ಎರಡೆರಡು ಸಲ ಎಡವಿದ.

ಒಂದು ಪದ ಓದಿದರೆ ಓದು ಬಂದಂತಲ್ಲ. ನನ್ನ ಬೋಧನಾಭ್ಯಾಸ ಮುಗಿಯುವವರೆಗೆ ದಿನಕ್ಕೆ ಹತ್ತು ನಿಮಿಷ ಹೀಗೆ ಕುಳಿತೆವು. ಅವನು ಎಲ್ಲೆಲ್ಲಿ ನಿಲ್ಲುತ್ತಾನೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಹೊರಡುವ ದಿನ ತರಗತಿ ಶಿಕ್ಷಕರಿಗೆ ಕೊಟ್ಟು ಬಂದೆ. ನನ್ನ ಮೂರು ಪಟ್ಟಿಗಳನ್ನು ಕಡತದಿಂದ ತೆಗೆದು ಆ ಹಾಳೆಯ ಪ್ರತಿಯನ್ನು ಇಟ್ಟಿದ್ದೇನೆ.