ಟೊರಾಹಿಕೊ ಟೆರಾಡ | ಹಳ್ಳಿಗರ ಮಾತಿಗೆ ಕಿವಿಗೊಟ್ಟ, ವದಂತಿಗೆ ಲೆಕ್ಕ ಕೇಳಿದ ವಿಜ್ಞಾನಿ

ಎಲ್ಲೇ ದೊಡ್ಡ ಭೂಕಂಪವಾಗಲಿ, ಎರಡು ಥರದ ಫಾರ್ವರ್ಡ್‌ಗಳು ಫೋನಿಗೆ ಬಂದು ಬೀಳುತ್ತವೆ. ಒಂದರಲ್ಲಿ, ನೆಲ ನಡುಗುವ ಹೊತ್ತಿಗೆ ಆಕಾಶದಲ್ಲಿ ವಿಚಿತ್ರ ಬೆಳಕು ಕಾಣಿಸಿತು ಅಂತ ಇರುತ್ತೆ. ಇನ್ನೊಂದರಲ್ಲಿ ಮುಂದಿನ ಭೂಕಂಪ ಯಾವ ದಿನ, ಈ ಸಲದ್ದರ ಹಿಂದೆ ಯಾರ ಕೈವಾಡವಿದೆ ಅಂತ ಇರುತ್ತೆ. ಎರಡನ್ನೂ ನಂಬಿಬಿಡುವವರಿದ್ದಾರೆ, ಎರಡನ್ನೂ ನಕ್ಕು ಅಳಿಸುವವರೂ ಇದ್ದಾರೆ. ಆದರೆ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಅಂತ ನನಗೆ ಮನದಟ್ಟು ಮಾಡಿಸಿದ್ದು, 1935ರಲ್ಲಿ ತೀರಿಕೊಂಡ ಜಪಾನಿನ ಭೌತವಿಜ್ಞಾನಿ ಟೊರಾಹಿಕೊ ಟೆರಾಡ ಅವರ ಬದುಕು.

ಟೆರಾಡ ಹುಟ್ಟಿದ್ದು 1878ರಲ್ಲಿ, ಟೋಕಿಯೊದಲ್ಲಿ. ಬೆಳೆದದ್ದು ಶಿಕೊಕು ದ್ವೀಪದ ಕೊಚಿಯಲ್ಲಿ. ಕುಮಾಮೊಟೊದ ಹೈಸ್ಕೂಲಿಗೆ ಓದಲು ಹೋದಾಗ ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ನಟ್ಸುಮೆ ಸೊಸೆಕಿ. ಮುಂದೆ ಜಪಾನಿನ ದೊಡ್ಡ ಕಾದಂಬರಿಕಾರ ಅನ್ನಿಸಿಕೊಂಡ ಸೊಸೆಕಿ ಆಗಿನ್ನೂ ಬರೀ ಮೇಷ್ಟ್ರು. ಟೆರಾಡ ಅವರಿಂದ ಹೈಕು ಕಲಿತರು, ಕೊನೆಯವರೆಗೂ ಶಿಷ್ಯರಾಗಿಯೇ ಉಳಿದರು. ಸೊಸೆಕಿಯ ಕಾದಂಬರಿಗಳಲ್ಲಿ ಬರುವ ವಿಜ್ಞಾನಿ ಪಾತ್ರಗಳಲ್ಲಿ ಈ ಶಿಷ್ಯನ ಛಾಯೆ ಇದೆ.

ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಓದಿದ ಟೆರಾಡ ಡಾಕ್ಟರೇಟಿಗೆ ಆರಿಸಿಕೊಂಡದ್ದು ಬಿದಿರಿನ ಕೊಳಲಿನ ನಾದವನ್ನು. 1909ರಿಂದ 1911ರವರೆಗೆ ಯುರೋಪಿನಲ್ಲಿದ್ದರು. ಮರಳಿ ಬಂದ ಮೇಲೆ, 1913ರಲ್ಲಿ ಹರಳುಗಳ ಮೂಲಕ ಎಕ್ಸ್-ರೇ ಹಾಯಿಸಿ ಮಾಡಿದ ಪ್ರಯೋಗ ‘ನೇಚರ್’ ಪತ್ರಿಕೆಯಲ್ಲಿ ಬಂತು. ಅದೇ ದಾರಿಯಲ್ಲಿ ಕೆಲಸ ಮಾಡಿದ ಇಂಗ್ಲೆಂಡಿನ ಬ್ರಾಗ್ ತಂದೆ-ಮಗನಿಗೆ 1915ರಲ್ಲಿ ನೊಬೆಲ್ ಸಿಕ್ಕಿತು. ಟೆರಾಡ ಆ ಓಟದಲ್ಲಿ ಉಳಿಯಲಿಲ್ಲ. ಸಕ್ಕರೆ ಮಿಠಾಯಿಗೆ ಮುಳ್ಳು ಹೇಗೆ ಮೂಡುತ್ತೆ, ಗಾಜು ಹೇಗೆ ಬಿರುಕು ಬಿಡುತ್ತೆ ಅನ್ನುವಂಥ, ಬೇರೆಯವರು ಕ್ಷುಲ್ಲಕ ಅಂದುಕೊಂಡ ಪ್ರಶ್ನೆಗಳ ಕಡೆ ಹೊರಳಿದರು. 1919ರಲ್ಲಿ ಹೊಟ್ಟೆಯ ಹುಣ್ಣಿನಿಂದ ಹಾಸಿಗೆ ಹಿಡಿದರು. ಜನಸಾಮಾನ್ಯರಿಗೆ ಅವರು ಹತ್ತಿರವಾಗಿದ್ದು ಆ ಕಾಯಿಲೆಯ ನಂತರ ಬರೆದ ಪ್ರಬಂಧಗಳಿಂದ.

1923ರ ಸೆಪ್ಟೆಂಬರ್ 1, ಮಧ್ಯಾಹ್ನಕ್ಕೆ ಇನ್ನೆರಡು ನಿಮಿಷ. ಟೆರಾಡ ಟೋಕಿಯೊದ ಉಯೆನೊದಲ್ಲಿ ಚಿತ್ರಕಲಾ ಪ್ರದರ್ಶನ ನೋಡಲು ಹೋಗಿದ್ದರು. ಆಗ ಕಾಂಟೊ ಮಹಾಭೂಕಂಪವಾಯಿತು. ಅದರಲ್ಲಿ ಸತ್ತವರು ಲಕ್ಷಕ್ಕೂ ಹೆಚ್ಚು, ಬಹುಪಾಲು ಬೆಂಕಿಯಿಂದ. ಹೊಂಜೊದ ಒಂದು ಖಾಲಿ ಮೈದಾನದಲ್ಲಿ ಆಶ್ರಯ ಪಡೆದಿದ್ದ ಸುಮಾರು 38,000 ಜನ ಬೆಂಕಿಯ ಸುಳಿಗಾಳಿಗೆ ಸಿಕ್ಕಿ ಸುಟ್ಟುಹೋದರು. ಆ ಸುಳಿಗಾಳಿಯ ತನಿಖೆಯ ಕೆಲಸ ಟೆರಾಡ ಅವರ ಪಾಲಿಗೆ ಬಂತು.

ಆದರೆ ಆ ವಾರ ಇನ್ನೊಂದು ಬೆಂಕಿಯೂ ಹಬ್ಬಿತ್ತು. ಕೊರಿಯನ್ನರು ಬಾವಿಗಳಿಗೆ ವಿಷ ಹಾಕ್ತಿದ್ದಾರೆ, ಬಾಂಬ್ ಇಡ್ತಿದ್ದಾರೆ ಅನ್ನುವ ವದಂತಿ. ಕೊರಿಯಾ ಆಗ ಜಪಾನಿನ ವಸಾಹತು. ಹೊಟ್ಟೆಪಾಡಿಗೆ ಬಂದ ಕೊರಿಯನ್ ಕೂಲಿಗಳು ನಗರದ ತುಂಬ ಇದ್ದರು. ಕೋಲು, ಕತ್ತಿ ಹಿಡಿದ ಗುಂಪುಗಳು ಬೀದಿಬೀದಿಯಲ್ಲಿ ಜನರನ್ನು ತಡೆದು, ಉಚ್ಚಾರಣೆ ಪರೀಕ್ಷಿಸಿ, ಸಾವಿರಾರು ಜನರನ್ನು ಕೊಂದವು. ಚೀನೀಯರೂ, ಜಪಾನಿನ ಎಡಪಂಥೀಯರೂ ಬಲಿಯಾದರು. ಸೈನಿಕರು, ಪೊಲೀಸರು ಕೂಡ ಕೈಜೋಡಿಸಿದರು. ಸೆಪ್ಟೆಂಬರ್ 3ರಂದು ನೌಕಾಪಡೆಯ ಫುನಬಾಶಿ ಕೇಂದ್ರದಿಂದ ಗೃಹ ಇಲಾಖೆಯೇ ಈ ವದಂತಿಯನ್ನು ನಿಜವೆಂಬಂತೆ ನಿಸ್ತಂತು ಸಂದೇಶವಾಗಿ ಕಳಿಸಿತು.

1924ರಲ್ಲಿ ಟೆರಾಡ ವದಂತಿಯ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದರು. ಉದ್ದನೆಯ ಕೊಳವೆಯಲ್ಲಿ ಹೈಡ್ರೋಜನ್, ಆಕ್ಸಿಜನ್ ಬೆರೆಸಿಟ್ಟು ಒಂದು ಕಿಡಿ ಹಾರಿಸಿದರೆ ಉರಿ ಈ ತುದಿಯಿಂದ ಆ ತುದಿಗೆ ಓಡುತ್ತೆ. ಬೆರಕೆ ಸರಿಯಿಲ್ಲದಿದ್ದರೆ ಕಿಡಿ ಅಲ್ಲೇ ಸಾಯುತ್ತೆ. ವದಂತಿಗೂ ಹಾಗೇ, ಹರಡಲು ತಕ್ಕ ಜನ ಬೇಕು ಅನ್ನುವುದು ಅವರ ವಾದ. ಆಮೇಲೆ ಲೆಕ್ಕಕ್ಕೆ ಇಳಿಯುತ್ತಾರೆ. ಟೋಕಿಯೊದಲ್ಲಿ ಬಾವಿಗಳೆಷ್ಟು? ಒಂದು ಬಾವಿಯ ನೀರು ಕುಡಿದವರು ಸಾಯಬೇಕಾದರೆ ಎಷ್ಟು ವಿಷ ಬೇಕು? ಅಷ್ಟನ್ನು ಹೊತ್ತು ತಿರುಗಲು ಎಷ್ಟು ಜನ ಬೇಕು? ಇಷ್ಟು ಕೇಳಿಕೊಂಡಿದ್ದರೂ ಸಾಕು, ಬಹಳಷ್ಟು ಜನ ಹೆಜ್ಜೆ ಹಿಂದಿಡುತ್ತಿದ್ದರು. ಹಾಗಾಗಿ ಹೊಣೆಯಲ್ಲಿ ಅರ್ಧವಾದರೂ ನಾಗರಿಕರದ್ದೇ ಅಂತ ಅವರು ತೀರ್ಮಾನಿಸಿದರು.

ಈ ಪ್ರಬಂಧದ ಬಗ್ಗೆ ನನಗೆ ತಕರಾರಿದೆ. ಅದರಲ್ಲಿ ದಂಗೆಕೋರರು ಎಂಬ ಮಾತಿದೆ, ಕೊರಿಯನ್ನರ ಹೆಸರಿಲ್ಲ. ಸರ್ಕಾರದ ಕೈವಾಡದ ಸುದ್ದಿಯೇ ಇಲ್ಲ. ಲೆಕ್ಕ ಬಾರದ್ದಕ್ಕಷ್ಟೇ ಜನ ಕೊಲ್ಲಲಿಲ್ಲ, ವಸಾಹತಿನ ದ್ವೇಷ ಮೊದಲೇ ತುಂಬಿಟ್ಟ ಅನಿಲವಾಗಿತ್ತು. ಆದರೂ ಆ ಲೆಕ್ಕವನ್ನು ನಾನು ಬಿಟ್ಟುಕೊಡಲಾರೆ. 2018ರಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರ ವದಂತಿಗೆ ಹೈದರಾಬಾದಿನ ಯುವಕನೊಬ್ಬ ಬಲಿಯಾದ. ಅಲ್ಲೂ ಒಂದು ಪ್ರಶ್ನೆ ಒಂದು ಜೀವ ಉಳಿಸಬಹುದಿತ್ತು.

ಇನ್ನು ಬೆಳಕಿನ ಕಥೆ. 1925ರಲ್ಲಿ ಟೋಕಿಯೊದಲ್ಲಿ ಭೂಕಂಪ ಸಂಶೋಧನಾ ಸಂಸ್ಥೆ ಶುರುವಾಯಿತು, ಟೆರಾಡ ಅದನ್ನು ಸೇರಿದರು. 1930ರ ನವೆಂಬರ್ 26ರ ನಸುಕಿನಲ್ಲಿ ಇಝು ಪರ್ಯಾಯದ್ವೀಪ ನಡುಗಿತು. ಆ ಕತ್ತಲಲ್ಲಿ ಆಕಾಶ ಬೆಳಗಿದ್ದನ್ನು ಕಂಡೆವು ಅಂತ ರೈತರು, ಮೀನುಗಾರರು ಹೇಳತೊಡಗಿದರು. ಕಿಂಕಿಚಿ ಮುಶಾ ಅನ್ನುವ ಸಂಶೋಧಕರು ಇಂಥ ಸುಮಾರು 1,500 ವರದಿಗಳನ್ನು ಕಲೆಹಾಕಿದರು. ಭಯದಲ್ಲಿ ಏನೋ ಕಂಡಿರಬೇಕು ಅಂತ ತಳ್ಳಿಹಾಕೋದು ಸುಲಭವಿತ್ತು. ಟೆರಾಡ ಹಾಗೆ ಮಾಡಲಿಲ್ಲ. 1931ರಲ್ಲಿ ಈ ಬೆಳಕಿನ ಮೇಲೇ ವೈಜ್ಞಾನಿಕ ಪ್ರಬಂಧ ಬರೆದರು. ಮಿಂಚೋ, ತುಂಡಾದ ವಿದ್ಯುತ್ ತಂತಿಯ ಕಿಡಿಯೋ ಬೆಳಕಾಗಿ ಕಾಣಬಹುದು, ಅದು ಅವರಿಗೆ ಗೊತ್ತಿತ್ತು. ಅದರಾಚೆಗೆ ಒಂದು ಊಹೆಯನ್ನೂ ಮುಂದಿಟ್ಟರು: ನೆಲದಡಿಯ ಒತ್ತಡ ಬದಲಾದಾಗ ನೀರು ಮಣ್ಣಿನ, ಬಂಡೆಯ ಕೂದಲೆಳೆಯಂಥ ಸಂದುಗಳಲ್ಲಿ ನುಗ್ಗುತ್ತೆ, ಹಾಗೆ ನುಗ್ಗುವಾಗ ವಿದ್ಯುತ್ ವಿಭವ ಹುಟ್ಟುತ್ತೆ, ಅದು ಗಾಳಿಯಲ್ಲಿ ಬೆಳಕಾಗಿ ಹೊಮ್ಮಬಹುದು. ಇಝು ಕರಾವಳಿಯಲ್ಲಿ ಮೀನಿನ ಫಸಲಿಗೂ ಕಂಪನಗಳ ಸಂಖ್ಯೆಗೂ ನಂಟಿದೆಯಾ ಅಂತಲೂ ಅಂಕಿಅಂಶ ಇಟ್ಟು ನೋಡಿದರು.

ಅದು ಊಹೆಯಾಗಿತ್ತು, ಇವತ್ತಿಗೂ ಒಪ್ಪಿತ ಸಿದ್ಧಾಂತವಾಗಿಲ್ಲ. 1965ರಲ್ಲಿ ಶುರುವಾದ ಮಟ್ಸುಶಿರೊ ಕಂಪನಗಳ ಸರಣಿಯಲ್ಲಿ ಇಂಥ ಬೆಳಕು ಫೋಟೊಗಳಲ್ಲಿ ಸಿಕ್ಕ ಮೇಲೆ ನಗುವವರು ಕಡಿಮೆಯಾದರು. 1989ರಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಪ್ರಿಯೆಟಾ ಭೂಕಂಪಕ್ಕೆ ಮೊದಲು ಕಾಂತೀಯ ಸಂಕೇತ ಸಿಕ್ಕಿತೆಂದು ದೊಡ್ಡ ಸುದ್ದಿಯಾಯಿತು. ಇಪ್ಪತ್ತು ವರ್ಷಗಳ ನಂತರದ ಮರುಪರಿಶೀಲನೆ, ಅದು ಉಪಕರಣದ ದೋಷವಿರಬಹುದು ಅಂದಿತು. ವಿದ್ಯುತ್ಕಾಂತೀಯ ಸಂಕೇತ ನೋಡಿ ಭೂಕಂಪದ ದಿನ, ಜಾಗ ಹೇಳುವ ನಂಬಿಗಸ್ತ ವಿಧಾನ ಇನ್ನೂ ಯಾರ ಬಳಿಯೂ ಇಲ್ಲ. ಟೆರಾಡ ಇದನ್ನು 1924ರಲ್ಲೇ ಗ್ರಹಿಸಿದ್ದರು. ನಿಖರ ಮುನ್ಸೂಚನೆಗೆ ಕಾಯುತ್ತ ಕೂರುವ ಬದಲು, ಎಂದಾದರೂ ಬಂದೇ ಬರುವ ಭೂಕಂಪಕ್ಕೆ ಊರನ್ನು ಸಜ್ಜು ಮಾಡಿ ಅನ್ನುವುದು ಅವರ ನಿಲುವು.

ಈ ನಿಲುವು ಅವರನ್ನು ರಾಜಕೀಯದ ಅಂಚಿಗೆ ತಂದಿತು. ಜಪಾನ್ 1931ರಲ್ಲಿ ಮಂಚೂರಿಯಾ ಆಕ್ರಮಿಸಿತ್ತು, ಎಲ್ಲರ ಬಾಯಲ್ಲೂ ಯುದ್ಧದ ಮಾತು. 1934ರ ಮುರೊಟೊ ಚಂಡಮಾರುತ ಸುಮಾರು 3,000 ಜನರನ್ನು ಕೊಂದಾಗ ಟೆರಾಡ ಪ್ರಕೃತಿ ವಿಕೋಪ ಮತ್ತು ದೇಶರಕ್ಷಣೆ ಎಂಬ ವಿಷಯದ ಮೇಲೆ ಬರೆದರು. ಯುದ್ಧವನ್ನು ಮನುಷ್ಯ ಮನಸ್ಸು ಮಾಡಿದರೆ ತಪ್ಪಿಸಬಹುದು, ಭೂಕಂಪ, ಚಂಡಮಾರುತಗಳನ್ನು ತಪ್ಪಿಸಲಾಗದು. ಹಾಗಿರುವಾಗ ಸೇನೆಯಂತೆ ವಿಕೋಪಗಳನ್ನು ಎದುರಿಸಲೂ ಒಂದು ಕಾಯಂ ಪಡೆ ಬೇಡವೇ ಅಂತ ಕೇಳಿದರು. ತಂತಿ, ಕೊಳವೆಗಳಿಂದ ನಗರಗಳು ಹೆಣೆದುಕೊಂಡಷ್ಟೂ ಒಂದು ಕಡೆಯ ಪೆಟ್ಟು ಎಲ್ಲ ಕಡೆ ತಗಲುತ್ತೆ, ನಾಗರಿಕತೆ ಬೆಳೆದಷ್ಟೂ ವಿಕೋಪದ ಹಾನಿ ಹೆಚ್ಚುತ್ತೆ ಅಂತಲೂ ಎಚ್ಚರಿಸಿದರು. ಮರುವರ್ಷ ಡಿಸೆಂಬರ್ 31ರಂದು, 57ನೇ ವಯಸ್ಸಿನಲ್ಲಿ ಮೂಳೆಯ ಗೆಡ್ಡೆಯಿಂದ ತೀರಿಕೊಂಡರು.

ಜನ ಕಂಡದ್ದನ್ನು ಹೇಳಿದಾಗ ಕೂತು ಕೇಳಿಸಿಕೊಳ್ಳುವುದು, ಜನ ಇನ್ನೊಬ್ಬರ ಮೇಲೆ ಆರೋಪ ಹೊರಿಸಿದಾಗ ಲೆಕ್ಕ ಕೇಳುವುದು: ಟೆರಾಡ ಅವರಲ್ಲಿ ಇವೆರಡೂ ಒಟ್ಟಿಗೇ ಇದ್ದವು. ನಮ್ಮಲ್ಲಿ ಬಹಳ ಸಲ ಇದು ತಿರುಗುಮುರುಗು. ರೈತ, ಮೀನುಗಾರ ಹೇಳಿದ್ದನ್ನು ಮೂಢನಂಬಿಕೆ ಅಂತೀವಿ, ಒಂದು ಸಮುದಾಯದ ಮೇಲಿನ ಆರೋಪವನ್ನು ಪುರಾವೆ ಕೇಳದೆ ನಂಬ್ತೀವಿ. ವೈಜ್ಞಾನಿಕ ಮನೋಭಾವದ ಬಗ್ಗೆ ಮಾತಾಡುವ ನಾವು ಮೊದಲು ನೇರ ಮಾಡಬೇಕಾದ್ದು ಇದನ್ನೇ.